ಬಾಣಂತಿ ಗಡಿಗೆ

ಸೊಲ್ಲಾಪುರದ ನಮ್ಮ ಮನೆಯ ಪಕ್ಕಕ್ಕೆ ಹೋದ ತಿಂಗಳು ಒಬ್ಬ ಬಾಣಂತಿ ಬಂದಳು. ಬೆಳಿಗ್ಗೆ ಹತ್ತರ ಸುಮಾರಿಗೆ ಆ ಮನೆಯ ಕಿಟಕಿಯಿಂದ ಅಜವಾನದ ಹೊಗೆ ಬರುತ್ತದೆ. ಕೆಂಡದ ಮೇಲೆ ಚಿಟಿಕೆ ಅಜವಾನ ಉದುರಿಸಿ, ಎಣ್ಣೆನೀರು ಎರೆದುಕೊಂಡ ತಾಯಿಗೂ ಕೂಸಿಗೂ ಹೊಗೆ ಹಿಡಿಯುವವರು ಈಗ ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಮೊದಲ ದಿನ ಆ ವಾಸನೆ ಬಂದಾಗ ಸೊಪ್ಪು ಸೋಸುತ್ತಾ ಕೂತಿದ್ದವಳು ಎದ್ದು ನಿಂತೆ. ಯಾಕೆ ಎದ್ದೆನೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು... ಹಿತ್ತಲ ಬಾಗಿಲು ತೆಗೆಯಲು ಎದ್ದಿದ್ದೆ. ಈ ಮನೆಗೆ ಹಿತ್ತಲೇ ಇಲ್ಲ.

ಹಿತ್ತಲಿದ್ದದ್ದು ಅಕ್ಕಲಕೋಟದ ಮನೆಗೆ. ಅಪ್ಪನದು ಸೊಲ್ಲಾಪುರದಲ್ಲಿ ಬಟ್ಟೆಯ ವ್ಯಾಪಾರ. ನನ್ನನ್ನು ಕೊಟ್ಟದ್ದು ಅಕ್ಕಲಕೋಟಕ್ಕೆ, ವಕೀಲರೊಬ್ಬರ ಹತ್ತಿರ ಕಾರಕೂನರಾಗಿದ್ದವರಿಗೆ. ಎಪ್ಪತ್ತೆರಡರ ಬರ ಬಿದ್ದಾಗ ನನಗೆ ಇಪ್ಪತ್ತೆರಡು ವರ್ಷ, ಹೊಟ್ಟೆಯಲ್ಲಿ ಮೊದಲ ಕೂಸು. ತವರಿನಲ್ಲಿ ಅವ್ವ ಇರಲಿಲ್ಲವಾದ್ದರಿಂದ ಹೆರಿಗೆ, ಬಾಣಂತನ ಎರಡೂ ಅತ್ತೆಯ ಮನೆಯಲ್ಲೇ ಆಗುವುದೆಂದು ನಿಶ್ಚಯವಾಗಿತ್ತು. ಹಿತ್ತಲ ಗೋಡೆಯ ಆಚೆ ಒಂದು ಗಲ್ಲಿ. ಹೊಲವಿಲ್ಲದ, ಕೂಲಿಯನ್ನೇ ನಂಬಿದ ಇಪ್ಪತ್ತೈದು ಮೂವತ್ತು ಮನೆಗಳು. ಆ ಗಲ್ಲಿಯ ಸೂಲಗಿತ್ತಿಯೇ ನಮ್ಮ ಓಣಿಗೂ ಸೂಲಗಿತ್ತಿ. ಚಿಕ್ಕವ್ವನನ್ನು ಕರೆಯುವ ಹಾಗೆ ಎಲ್ಲರೂ ಆಕೆಯನ್ನು ಮಾವಶಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಐವತ್ತರ ಆಸುಪಾಸಿನ, ಗಿಡ್ಡನೆಯ, ಗಟ್ಟಿ ಮುಂಗೈಯ ಹೆಂಗಸು. ಮಾತು ಕಡಿಮೆ. ನಮ್ಮ ಓಣಿಯ ಹೆಂಗಸರನ್ನು ಮರ್ಯಾದೆಯಿಂದ 'ಬಾಯಿ' ಎಂದು ಕರೆಯುತ್ತಿದ್ದಳು.

ಆ ವರ್ಷ ಗಲ್ಲಿಯ ಗಂಡಸರು ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಸರಕಾರದ ಬರಗಾಲದ ಕೆಲಸಕ್ಕೆ, ರಸ್ತೆಯ ಖಡಿ ಒಡೆಯಲು ಹೋಗುತ್ತಿದ್ದರು. ಅಲ್ಲಿ ಕಲ್ಲು ಒಡೆದವರಿಗೆ ಕೂಲಿಯ ಜೊತೆಗೆ ಸುಕಡಿ ಎಂಬ ಸಿಹಿ ಹಿಟ್ಟು ಸಿಗುತ್ತಿತ್ತು. ರೇಶನ್ ಅಂಗಡಿಯಲ್ಲಿ ಕೆಂಪು ಮಿಲೋ ಜೋಳ. ರೊಟ್ಟಿ ಬಡಿದರೆ ಅಂಚು ಒಡೆದು ಚೂರಾಗುವ ಜೋಳ. ಅದೂ ವಾರ ಬಿಟ್ಟು ವಾರ ಬರುತ್ತಿತ್ತು. ಕೆಲಸಕ್ಕೆ ಹೋಗಲಾರದವರಿಗೆ ಸುಕಡಿ ಇಲ್ಲ. ಎಂಟು ತುಂಬಿದ ಬಸುರಿ, ಹಸಿ ಬಾಣಂತಿ ಸುತ್ತಿಗೆ ಎತ್ತುವುದು ಹೇಗೆ? ದುಡಿದು ಬಂದವರು, ನಾಳೆ ದುಡಿಯಬೇಕಾದವರು ಮೊದಲು ಉಣ್ಣಬೇಕು, ಆಮೇಲೆ ಮಕ್ಕಳು, ಮನೆಯಲ್ಲಿ ಕೂತವಳಿಗೆ ಕೊನೆಗೆ ಬುಟ್ಟಿಯ ತಳ. ದೀಪಾವಳಿಯಿಂದ ಸಂಕ್ರಾಂತಿಯ ಒಳಗೆ ಮಾವಶಿ ಹಿಡಿದ ಐದು ಕೂಸುಗಳಲ್ಲಿ ನಾಲ್ಕು ಹೋದವು. ರೋಗ ಏನೂ ಇರಲಿಲ್ಲ. ತಾಯಂದಿರ ಎದೆಯಲ್ಲಿ ಹಾಲೇ ಇಳಿಯಲಿಲ್ಲ.

ನಾಲ್ಕನೆಯ ಕೂಸನ್ನು ಮಣ್ಣು ಮಾಡಿ ಬಂದ ದಿನ ಆಕೆ ಗಲ್ಲಿಯ ಹೆಂಗಸರನ್ನೆಲ್ಲ ಬೇವಿನ ಗಿಡದ ಕೆಳಗೆ ಕೂಡಿಸಿದಳು. ತುಂಬು ಬಸುರಿ ನಾನು, ಹಿತ್ತಲ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡೆ. ಪ್ರತಿ ಮನೆಯವರೂ ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದಿಡಬೇಕು. ಸಂಜೆ ತಾನು ಗಡಿಗೆ ಹಿಡಿದು ಬರುತ್ತೇನೆ. ಆ ಹಿಟ್ಟಿನಿಂದ ಗಲ್ಲಿಯ ಬಸುರಿಯರಿಗೆ, ಬಾಣಂತಿಯರಿಗೆ ಅಂಬಲಿ ಕಾಯಿಸಬೇಕು. ಇಷ್ಟೇ.

ಒಬ್ಬಳು ತಕರಾರು ತೆಗೆದಳು. "ನಮ್ಮ ಮನ್ಯಾಗ ಬಸರಿಲ್ಲ ಬಾಣಂತಿಲ್ಲ. ನನ್ನ ಮಕ್ಕಳ ಬಾಯಾಗಿಂದು ನಾ ಯಾಕ ಕೊಡ್ಲಿ?"

"ಕೊಡಬ್ಯಾಡ," ಅಂದಳು ಮಾವಶಿ. "ಆದ್ರ ಸಂಜೀಕ ನಾ ಬಂದಾಗ ಬಾಗಲದಾಗ ನಿಂತು ಎಲ್ಲಾರ ಮುಂದ ಇಲ್ಲ ಅನ್ನು. ಒಳಗ ಕುಂತು ಅನಬ್ಯಾಡ."

ಇಲ್ಲ ಎನ್ನಲು ಯಾರೂ ಬಾಗಿಲಿಗೆ ಬರಲಿಲ್ಲ. ಹಿಡಿ ಕೆಲವೊಮ್ಮೆ ಚಿಟಿಕೆಯಾಗುತ್ತಿತ್ತು, ಆದರೆ ಗಡಿಗೆಗೆ ಎಲ್ಲ ಮನೆಯಿಂದಲೂ ಬೀಳುತ್ತಿತ್ತು. ಎಂಟು ದಿನ ನೋಡಿದ ಮೇಲೆ ಹೆಂಗಸರೇ ಇನ್ನೊಂದು ಕಟ್ಟಳೆ ಮಾಡಿಕೊಂಡರು. ಬೀಳುವ ಹಿಟ್ಟು ಆರು ಮಂದಿಗೆ ಸಾಕು. ಹತ್ತು ಮಂದಿಗೆ ಹಂಚಿದರೆ ಯಾರಿಗೂ ಹಾಲು ಬರುವುದಿಲ್ಲ. ಆದ್ದರಿಂದ ಒಂದು ಹೊತ್ತಿಗೆ ಆರೇ ಮಂದಿ. ಹೆರಿಗೆಯಾಗಿ ನಲವತ್ತು ದಿನ ತುಂಬಿದವಳು ಎದ್ದಾಗ ಪಾಳಿಯ ಪ್ರಕಾರ ಮುಂದಿನವಳು. ಮಾವಶಿಗೂ ಇದು ಸರಿ ಕಂಡಿತು. ಆಮೇಲೆ ಆ ಗಲ್ಲಿಯಲ್ಲಿ ಹುಟ್ಟಿದ ಕೂಸುಗಳು ಅಳತೊಡಗಿದವು. ಗೋಡೆಯಾಚೆಯಿಂದ ಆ ಅಳು ಕೇಳಿದಾಗಲೆಲ್ಲ ನಮ್ಮತ್ತೆ, "ಹಾಲು ಕುಡದ ಕೂಸಿನ ಧ್ವನಿ ಅದು," ಅನ್ನುತ್ತಿದ್ದರು. ಅತ್ತೆ ಕೆಟ್ಟವರಲ್ಲ. ಹೆತ್ತ ಐವರಲ್ಲಿ ಮೂವರನ್ನು ಕಳೆದುಕೊಂಡ ಹೆಂಗಸು.

ಮಾಘದಲ್ಲಿ ನನಗೆ ಗಂಡು ಹುಟ್ಟಿತು. ಅವನನ್ನು ಮೊದಲು ಹಿಡಿದದ್ದು ಮಾವಶಿಯ ಕೈ. ದಿನಾ ಹತ್ತಕ್ಕೆ ಆಕೆ ಹಿತ್ತಲ ಬಾಗಿಲಿಂದ ಬಂದು ನಮ್ಮಿಬ್ಬರಿಗೂ ಎಣ್ಣೆ ತಿಕ್ಕಿ, ಎರೆದು, ಹೊಗೆ ಹಾಕಿ ಹೋಗುತ್ತಿದ್ದಳು. ನನಗೆ ತುಪ್ಪ, ಅಂಟಿನ ಉಂಡೆ, ಸಬ್ಬಸಗಿ ಪಲ್ಯ... ಬರವೆಂಬುದು ನನ್ನ ತಟ್ಟೆಯವರೆಗೆ ಬಂದಿರಲಿಲ್ಲ. ಎರಡು ಕೂಸಿಗೆ ಆಗುವಷ್ಟು ಹಾಲಿತ್ತು. ಕುಪ್ಪಸ ತೋಯುತ್ತಿತ್ತು. ಅದನ್ನು ನೋಡಿ ಆಕೆ ಒಂದು ಮಾತೂ ಆಡಿರಲಿಲ್ಲ.

ನನ್ನ ಮಗನಿಗೆ ಇಪ್ಪತ್ತು ದಿನವಾಗಿದ್ದಾಗ ಆಕೆಯ ಒಬ್ಬಳೇ ಮಗಳು ಬಂದಳು. ದುಧನಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಕೆಲಸ ಹುಡುಕಿ ಪುಣೆಗೆ ಹೋದ ಗಂಡನ ಸುದ್ದಿಯೇ ಇರಲಿಲ್ಲ. ಎಂಟು ತಿಂಗಳ ಬಸುರಿ ದುಧನಿಯಲ್ಲಿ ರೈಲು ಹತ್ತಿ, ಸ್ಟೇಷನ್ನಿನಿಂದ ಊರವರೆಗೆ ಬಿಸಿಲಲ್ಲಿ ನಡೆದು ಬಂದಿದ್ದಳು. ಗಡಿಗೆಯ ಅಂಬಲಿಗೆ ಆಗ ಆರು ಮಂದಿ ಇದ್ದರು. ಮುಂದಿನ ಜಾಗ ಖಾಲಿಯಾಗಲು ಹದಿನೆಂಟು ದಿನವಿತ್ತು.

ಗಲ್ಲಿಯ ಹೆಂಗಸರು ತಾವಾಗಿಯೇ, ಈಕೆಯನ್ನು ಏಳನೆಯವಳಾಗಿ ಸೇರಿಸೋಣ ಅಂದರು. ಮಾವಶಿ ಒಪ್ಪಲಿಲ್ಲ. ಮರುದಿನ ನನಗೆ ಎಣ್ಣೆ ತಿಕ್ಕುವಾಗ ನಾನೇ ಕೇಳಿದೆ, ಯಾಕೆ ಬೇಡ ಅಂದಿ ಎಂದು. ಆಕೆಯ ಕೈ ನಿಲ್ಲಲಿಲ್ಲ.

"ನನ್ನ ಮಗಳಂತ ಏಳು ಮಾಡಿದ್ರ ನಾಳಿ ಎಂಟು ಆಗ್ತಾವ ಬಾಯಿ. ಆಮ್ಯಾಲ ಗಡಗೀನ ಉಳಿಯಂಗಿಲ್ಲ. ನನ್ನ ರೊಟ್ಟಿ ಅಕೀಗಿ ಕೊಡ್ತೀನಿ. ಹದಿನೆಂಟು ದಿನ ಹೋಗ್ತಾವ."

ಒಂಬತ್ತನೆಯ ದಿನ ಮಗಳಿಗೆ ಬೇನೆ ಬಂತು. ತುಂಬದ ತಿಂಗಳ ಹೆಣ್ಣುಕೂಸು. ತಾಯಿಯ ರಕ್ತ ನಿಲ್ಲಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋದಳು. ಎಷ್ಟೋ ಬಸುರಿಯರನ್ನು ಬದುಕಿಸಿದ ಕೈಯಲ್ಲೇ ಹೋದಳು. ಗಲ್ಲಿಯ ಬಾಣಂತಿಯರು ಪಾಳಿಯ ಮೇಲೆ ಆ ಕೂಸಿಗೆ ಮೊಲೆ ಕೊಟ್ಟರು. ಆದರೆ ತಮ್ಮ ಕೂಸು ಬಿಟ್ಟು ಇನ್ನೊಂದಕ್ಕೆ ಆಗುವಷ್ಟು ಹಾಲು ಅಲ್ಲಿ ಯಾರ ಎದೆಯಲ್ಲೂ ಇರಲಿಲ್ಲ. ಮೇಕೆಗಳೆಲ್ಲ ಎಂದೋ ಮಾರಿಹೋಗಿದ್ದವು.

ಹದಿನೆಂಟನೆಯ ದಿನ ಜಾಗ ಖಾಲಿಯಾಯಿತು. ಮಗಳ ಪಾಳಿ ಮುಂದಿನವಳಿಗೆ ಹೋಯಿತು. ಅವಳ ಬಟ್ಟಲಿಗೆ ಮಾವಶಿಯೇ ಅಂಬಲಿ ಬಡಿಸಿದಳಂತೆ. ಬಡಿಸಿ, ಮಡಿಲಲ್ಲಿದ್ದ ಮೊಮ್ಮಗಳನ್ನು ಎತ್ತಿಕೊಂಡು ನೇರವಾಗಿ ನಮ್ಮ ಹಿತ್ತಲಿಗೆ ಬಂದಳು.

ಅತ್ತೆ ಪ್ರತಿದಿನ ಮಧ್ಯಾಹ್ನ ಮಠದ ಆರತಿಗೆ ಹೋಗುತ್ತಿದ್ದರು. ಬರಲು ಒಂದೂವರೆ ತಾಸು. ಅದು ಮಾವಶಿಗೆ ಗೊತ್ತಿತ್ತು. ಬಾಗಿಲ ಹೊರಗೇ ನಿಂತು ಸೆರಗು ಸರಿಸಿ ಕೂಸನ್ನು ತೋರಿಸಿದಳು. ಅಂಗೈಯಗಲದ ಮುಖ. ಅಳಲಿಕ್ಕೂ ತ್ರಾಣವಿಲ್ಲದೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ಕೇಳಬಾರದು ಬಾಯಿ, ನಿಮ್ಮ ಮಂದಿ ಬ್ಯಾರೆ," ಅಂದಳು. "ಆದ್ರ ಎಲ್ಲಾ ಬಾಗಲಾ ಆದ್ವು."

ನಾನು ಕೈ ಚಾಚಿ ತೆಗೆದುಕೊಂಡೆ. ಮೊದಲ ದಿನ ಆ ಕೂಸಿಗೆ ಚೀಪಲೂ ಬರಲಿಲ್ಲ; ಹಿಂಡಿ ತುಟಿಯ ಮೇಲೆ ಬಿಟ್ಟೆ. ಮೂರನೆಯ ದಿನ ತಾನಾಗಿಯೇ ಬಾಯಿ ಹಾಕಿತು. ಸಂಜೆಗೆಂದು ಒಂದು ಸಣ್ಣ ಗಿಂಡಿಯಲ್ಲಿ ಹಿಂಡಿ ಕೊಡುತ್ತಿದ್ದೆ. ಏಳೆಂಟು ದಿನಕ್ಕೆ ಆ ಕೂಸು ಅಳಲು ಕಲಿಯಿತು. ಮಾವಶಿ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ನೋಡದೆ, ಅಂಗಳದ ಕಡೆ ನೋಡುತ್ತಿದ್ದಳು. ಹೀಗೆ ಹತ್ತು ದಿನ.

ಹತ್ತನೆಯ ದಿನ ಅತ್ತೆ ಬೇಗ ಬಂದರು. ಕೂಸು ನನ್ನ ಎದೆಯಲ್ಲಿತ್ತು. ಅತ್ತೆ ಕೂಗಾಡಲಿಲ್ಲ. ಮಾವಶಿ ಎದ್ದು ಕೂಸನ್ನು ತೆಗೆದುಕೊಂಡು ಹೋದಳು. ಆಮೇಲೆ ಅತ್ತೆ ಹಿತ್ತಲ ಬಾಗಿಲಿಗೆ ಕೀಲಿ ಹಾಕಿದರು.

"ಸಾಯೂ ಕೂಸಿಗಿ ಎದಿ ಕೊಡಬಾರದು. ನಾಳಿ ನಿನ್ನ ಕೂಸಿಗಿ ಏನರೆ ಆದ್ರ ನಾ ಎಲ್ಲಿ ನೋಡ್ಲಿ? ನಾ ಮೂರು ಇಟ್ಟು ಬಂದೀನಿ," ಅಂದರು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮತ್ತ ಯಾವ ಮನಿ ಕೂಸು ಅದು, ಅದರೆ ನೋಡಬ್ಯಾಡ?" ಅಂದರು. ಇನ್ನು ಮುಂದೆ ಎಣ್ಣೆನೀರು ತಾವೇ ಎರೆಯುವುದಾಗಿಯೂ ಹೇಳಿದರು.

ಮರುದಿನ ಅವರು ಮಠಕ್ಕೆ ಹೋದರು. ಕೀಲಿಕೈ ಸೊಂಟದಲ್ಲಿತ್ತು. ಆ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲು ಬಡಿದ ಸದ್ದು. ಮೆಲ್ಲಗೆ, ಮೂರು ಸಲ. ನನ್ನ ಮಗ ಮಡಿಲಲ್ಲಿ ನಿದ್ದೆ ಹೋಗಿದ್ದ. ಸದ್ದು ಕೇಳಿದ್ದೇ ಎದೆಯಿಂದ ಹಾಲು ತಾನಾಗಿ ಸುರಿಯತೊಡಗಿತು. ನಾನು ಏಳಲಿಲ್ಲ. ಕೀಲಿ ಹಾಕ್ಯಾರ ಮಾವಶಿ ಎಂದು ಒಳಗಿನಿಂದ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ನಲವತ್ತು ದಿನ ಮುಗಿದಿದ್ದವು, ಹೊರಗೆ ಹೋಗಲು ಅಡ್ಡಿಯಿರಲಿಲ್ಲ. ಮುಂದಿನ ಬಾಗಿಲು ತೆರೆದೇ ಇತ್ತು... ಗಲ್ಲಿಗೆ ಸುತ್ತಿಕೊಂಡು ಹೋದರೆ ನೂರು ಹೆಜ್ಜೆ. ಅತ್ತೆಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅತ್ತೆಗೆ ಮಾತ್ರವಲ್ಲ. ಮಗನ ಮುಖ ನೋಡಿದೆ, ಅತ್ತೆ ಆಡಿದ ಮಾತು ನನ್ನೊಳಗೂ ಇಳಿದಿತ್ತು.

ಅದರ ಮರುದಿನವೂ ಆಕೆ ಬಡಿದಳು. ಮೂರನೆಯ ದಿನ ಬಡಿಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕೂಸು ಹೋಯಿತು. ಅಳುವ ಸದ್ದು ಕೇಳಲಿಲ್ಲ. ನೀರು ತರುವ ಹೆಣ್ಣಾಳು ಹೇಳಿದಳು. ಅವತ್ತು ಸಂಜೆ ಗೋಡೆಯ ಹತ್ತಿರ ನಿಂತೆ. ಗಡಿಗೆ ಬರಲಾರದು, ಇನ್ನು ನಿಂತೇ ಹೋಯಿತು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಲ್ಲಿಯ ಆ ತುದಿಯಿಂದ ಆಕೆಯ ಧ್ವನಿ ಕೇಳಿತು. ಎಂದಿನ ಧ್ವನಿಯೇ. "ಹಿಟ್ಟು ತರ್ರಿ ತಂಗಿ." ಒಂದು ಮನೆ, ಇನ್ನೊಂದು ಮನೆ... ಬಾಗಿಲಿಗೆ ಬಂದು ಹಾಕುತ್ತಿದ್ದರು. ಅವತ್ತು ಎಲ್ಲರೂ ತುಂಬು ಹಿಡಿ ಹಾಕಿದರೆಂದು ಆಮೇಲೆ ಕೇಳಿದೆ.

ಮಳೆ ಬರುವವರೆಗೂ ಗಡಿಗೆ ನಡೆಯಿತು. ಪಕ್ಕದ ಎರಡು ಗಲ್ಲಿಯ ಹೆಂಗಸರು ಬಂದು ನೋಡಿ ಹೋಗಿ ತಾವೂ ಇಟ್ಟರು. ಆ ಬೇಸಿಗೆಯಲ್ಲಿ ಗಲ್ಲಿಯಲ್ಲಿ ಹುಟ್ಟಿದ ಕೂಸುಗಳು, ಆ ಒಂದನ್ನು ಬಿಟ್ಟು, ಉಳಿದುಕೊಂಡವು. ಜೋಳ ತೆನೆಗಟ್ಟುವ ಹೊತ್ತಿಗೆ ಮಾವಶಿ ಸೊಲ್ಲಾಪುರಕ್ಕೆ ಬೀಡಿ ಕಟ್ಟಲು ಹೊರಟುಹೋದಳು. ಮತ್ತೆ ಹೆರಿಗೆ ಹಿಡಿಯಲಿಲ್ಲವಂತೆ.

ಒಂದೇ ಸಲ ಆಕೆಯನ್ನು ಕಂಡೆ. ಎಪ್ಪತ್ತೇಳರಲ್ಲಿ, ಮಗನ ಜೊತೆ ಹೋಟಗಿಯಲ್ಲಿ ರೈಲು ಬದಲಿಸಲು ಕೂತಿದ್ದಾಗ. ಆಕೆ ಗಂಟು ಇಟ್ಟುಕೊಂಡು ನಳದ ಹತ್ತಿರ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ ಎದ್ದು ಬಂದು, ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಮೊಣಕಾಲು ಮುಟ್ಟಿದಳು.

"ಎಷ್ಟ ವರ್ಷ ಆದ್ವು ಬಾಯಿ?"

"ನಾಕು, ಮಾವಶಿ."

"ನಾಕು," ಅಂದಳು. ಇನ್ನೊಮ್ಮೆ ಮೆಲ್ಲಗೆ, "ನಾಕು."

ನನ್ನ ಗಾಡಿ ಬಂತು. ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆದೆ. "ಹೋಗ್ರಿ, ಜಾಗಾ ಸಿಗೂದಿಲ್ಲ," ಅಂದಳು.

ಹೋದ ರವಿವಾರ, ಆ ಹೊಗೆಯ ವಾಸನೆ ತಡೆಯಲಾರದೆ, ಒಬ್ಬಳೇ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದೆ. ನಮ್ಮ ಮನೆ ಇದ್ದಲ್ಲಿ ಈಗ ಯಾತ್ರಿಕರ ಲಾಡ್ಜಿದೆ. ಗಲ್ಲಿಯ ಮನೆಗಳು ಸಿಮೆಂಟಿನವಾಗಿವೆ. ಕಟ್ಟೆಯ ಮೇಲೆ ಕೂತಿದ್ದ ನನ್ನ ವಯಸ್ಸಿನ ಒಬ್ಬಾಕೆಗೆ, ಹಿಂದೆ ಆಚೆ ಓಣಿಯಲ್ಲಿದ್ದವಳು ಎಂದು ಹೇಳಿ, ಇಲ್ಲೊಬ್ಬ ಸೂಲಗಿತ್ತಿ ಇದ್ದಳಲ್ಲ ಎಂದು ಕೇಳಿದೆ. ಆಕೆ ಗಡಿಗೆಯ ಅಂಬಲಿ ಕುಡಿದು ಮಗನನ್ನು ಉಳಿಸಿಕೊಂಡವಳು. ಮಾವಶಿ ಸೊಲ್ಲಾಪುರದಲ್ಲೇ ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು ಅಂದಳು. ಕೊನೆಗೆ ನೋಡಿಕೊಂಡದ್ದು ಈ ಗಲ್ಲಿಯ ಹೆಂಗಸರೇ, ಪಾಳಿಯ ಮೇಲೆ ಹೋಗಿ.

"ಕಡೀಕ ಅಕೀಗಿ ಮಾತು ಭಾಳ ಹತ್ತಿತ್ತು ನೋಡ್ರಿ," ಅಂದಳು. "ಒಂದ ಮಾತು ಹಗಲೆಲ್ಲಾ ಹೇಳಾಕಿ. ದೊಡ್ಡ ಮಂದಿ ಮನಿ ಬಾಯಿ ಒಬ್ಬಾಕಿ ನಮ್ಮ ಮೊಮ್ಮಗಳಿಗಿ ಹತ್ತು ದಿನ ಎದಿ ಕೊಟ್ಟಾಳ ಅಂತ. ಬಂದವರಿಗೆಲ್ಲಾ ಹೇಳಾಕಿ."

"ಆಮ್ಯಾಲಿಂದು?" ಅಂದೆ.

"ಆಮ್ಯಾಲೇನಿಲ್ರಿ. ಅಷ್ಟ ಹೇಳಾಕಿ."

ಕಟ್ಟೆಯ ಮೇಲೆ ಬಿಸಿಲು ಬಂದಿತ್ತು. ಆಕೆ ಸರಿದು ನನಗೂ ನೆರಳಲ್ಲಿ ಜಾಗ ಮಾಡಿದಳು.

"ಯಾರಿದ್ದಳೋ ಆ ಪುಣ್ಯಾತಗಿತ್ತಿ. ನೀವು ಆ ಕಡಿ ಓಣ್ಯಾಗಿನವರಲ್ಲಾ, ನಿಮಗೇನರೆ ಗೊತ್ತೇನ್ರಿ?"

ಗೊತ್ತಿಲ್ಲ ಅಂದೆ.