ಕೈಗೆಟುಕದ ಟ್ರಂಕಿನ ಅಳತೆ

ಬೆಳಗಿನ ಐದೂವರೆ. ಟೇಪಕ್ಕ ಹೊಸಿಲ ಬಳಿ ಮಂಡಿಯೂರಿ ಅಳತೆಯ ಟೇಪಿನ ತುದಿ ಒತ್ತಿ ಹಿಡಿದಿದ್ದಾರೆ. ನಲ್ಲಿ ರಿಪೇರಿ ಮಾಡುವ ಈ ಮನೆಯ ಮಗನನ್ನು ಪೊಲೀಸರು ನಿನ್ನೆ ಸಂಜೆ ಇಲ್ಲೇ, ಬಾಗಿಲಲ್ಲೇ ಹಿಡಿದರು. ಆಮೇಲೆ ಅಡುಗೆಮನೆಗೆ ನುಗ್ಗಿ, ಟ್ರಂಕು ಬಿಚ್ಚಿ, ತಾಮ್ರದ ತಂತಿಯ ಸುರುಳಿಯೊಂದನ್ನು ಕದ್ದ ಮಾಲೆಂದು ಒಯ್ದರು. ನೆಲದ ತುಂಬ ಬಟ್ಟೆ, ಪಾತ್ರೆ. ತಾಯಿಯ ಕೈಯಲ್ಲಿ ಪೊರಕೆ.

"ಗುಡಿಸ್ಬೇಡಮ್ಮ, ದಮ್ಮಯ್ಯ!"

"ನಾಲ್ಕು ಜನ ನೋಡಿದ್ರೆ ಏನಂತಾರಕ್ಕ?"

"ಆ ನಾಲ್ಕು ಜನ ಬಂದು ಜಾಮೀನು ಕೊಡ್ತಾರಾ? ಹಿಡ್ಕೋ ಈ ತುದಿ."

ಬಾಗಿಲಿಂದ ಟ್ರಂಕಿಗೆ ಇಪ್ಪತ್ತೆರಡು ಅಡಿ, ನಡುವೆ ಗೋಡೆ. "ನಿನ್ನ ಮಗನ ಕೈಯೇನು ಹಗ್ಗಾನಾ?" ಎಂದಾಗ, ಅತ್ತು ಅತ್ತು ಕಣ್ಣು ಊದಿಸಿಕೊಂಡ ತಾಯಿ ಮೊದಲ ಸಲ ನಗುತ್ತಾಳೆ.

ಇಲ್ಲಿನ ಕಾನೂನು ಕಬ್ಬಿಣದ ಕಡಲೆಯೇನಲ್ಲ. ಬಂಧಿಸಲು ಬಂದವರು ಬಂಧಿತನ ಮೈ ತಡಕಬಹುದು, ಅವನ ಕೈಗೆಟುಕುವ ಜಾಗ ನೋಡಬಹುದು. ಅದರಾಚೆಯ ಪೆಟ್ಟಿಗೆ ಬಿಚ್ಚಲು ನ್ಯಾಯಾಧೀಶರ ವಾರಂಟ್ ಬೇಕು. ಇಷ್ಟನ್ನು ಬಡವರ ಬೀದಿಗೆ ಬಂದು ಯಾವ ದೊಡ್ಡ ಮನುಷ್ಯ ಹೇಳಿದ್ದಾನೆ? ಗೆದ್ದರೆ ಕರಿಕೋಟಿನ ವಕೀಲರಿಗೆ ಹಾರ. ಮಂಡಿ ಸವೆಸಿದವರ ಹೆಸರು ಯಾವ ತೀರ್ಪಿನಲ್ಲೂ ಇಲ್ಲ.

ಟೇಪಕ್ಕ ಉಚಿತ ಕಾನೂನು ನೆರವಿನ ಕಚೇರಿಯ ಗುಮಾಸ್ತೆ. ವಯಸ್ಸು ಐವತ್ತೆಂಟು. ವಾರಕ್ಕೆ ಆರೇಳು ಮನೆ ಅಳೆಯುತ್ತಾರೆ, ಅದೂ ಪೊರಕೆ ನೆಲ ಮುಟ್ಟುವ ಮುಂಚೆ. ಹದಿನೆಂಟು ವರ್ಷದ ಹಿಂದೆ ಅವರ ಗಂಡನನ್ನೂ ಹೀಗೇ ಒಯ್ದಿದ್ದರು.

"ಮಾನ ಹೋಯ್ತಲ್ಲ ಅಂತ ನಾನೇ ಎಲ್ಲ ಜೋಡಿಸ್ದೆ. ಪೊಲೀಸ್ರು ಜಾಲಾಡಿದ್ದ ಒಳಗಿನ ಬೀರು ಎಳ್ಕೊಂಡ್ಬಂದು, ಒಳಗಿನದು ಯಾರಿಗೂ ಕಾಣದಿರ್ಲಿ ಅಂತ ಬಾಗಿಲ ಪಕ್ಕ ಇಟ್ಟು ನೆಲ ಒರೆಸ್ಬಿಟ್ಟೆ. ಕೋರ್ಟಿನೋರು ಬಂದು ನೋಡಿದ್ರೆ, ಬೀರು ನಮ್ಮನೆಯವ್ರ ಕೈಗೆ ಎಟುಕೋ ಜಾಗದಲ್ಲೇ ಇದೆ! ಹದಿನಾಲ್ಕು ತಿಂಗಳು ಒಳಗಿದ್ರು. ನನ್ನ ಕೈಯಾರೆ."

ಹನ್ನೊಂದಕ್ಕೆ ಕೋರ್ಟು. ತಂತಿ ಬಾಗಿಲ ಹತ್ತಿರವೇ ಸಿಕ್ಕಿತೆಂದು ಪೊಲೀಸರು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. ನ್ಯಾಯಾಧೀಶರು ಟೇಪಕ್ಕನ ನಕ್ಷೆ ತಿರುಗಿಸಿ ನೋಡುತ್ತಾರೆ. ಬೆಳಿಗ್ಗೆಯೇ ಅವರು ತೆಗೆದ ಅಡುಗೆಮನೆಯ ಫೋಟೋದಲ್ಲಿ ಬಾಯಿ ತೆರೆದ ಟ್ರಂಕು, ಸುತ್ತ ಚೆಲ್ಲಿದ ಬಟ್ಟೆ, ಒಂದರ ಮೇಲೆ ಬೂಟಿನ ಗುರುತು. "ವಾರಂಟ್ ಎಲ್ಲಿ?" ಪೊಲೀಸರು ಕಡತವೆಲ್ಲ ಮಗುಚುತ್ತಾರೆ, ವಾರಂಟ್ ಇಲ್ಲ. ತಂತಿ ಸಾಕ್ಷ್ಯದಿಂದ ಹೊರಗೆ. ಬೇರೇನೂ ಇಲ್ಲದ್ದರಿಂದ ಮಗನೂ ಸೆರೆಯಿಂದ ಹೊರಗೆ.

ತಾಯಿ ಕಾಲಿಗೆ ಬೀಳಲು ಬಂದರೆ ಟೇಪಕ್ಕ ಗದರುತ್ತಾರೆ: "ಏಳೇ, ಮೊದ್ಲು ಅವನಿಗೆ ಊಟ ಹಾಕು."

ನಿಮಗೇನು ಬೇಕು ಎಂದು ತಾಯಿ ಕೇಳಿದರೆ ಆಕಳಿಸಿ ನಗುತ್ತಾರೆ. "ಬಾಗಿಲಲ್ಲಿ ನಿಂತ ತಾಯಂದಿರೇ 'ವಾರಂಟ್ ತೋರ್ಸಿ ಸ್ವಾಮಿ' ಅನ್ನೋ ಹಾಗಾಗ್ಲಿ. ನಂಗೂ ಒಂದಿನ ಏಳು ಗಂಟೆವರೆಗೆ ಮಲಗ್ಬೇಕು."