ಹಾಸಿಗೆ ಮಾರುವವಳ ಮೊದಲ ಗಿರಾಕಿ

ಬಾಯಿದ್ದವರು ಬರದಲ್ಲೂ ಬದುಕುತ್ತಾರೆ ಎಂಬ ಮಾತನ್ನು ಅವಳ ಅಮ್ಮ ಆಗಾಗ ಹೇಳುತ್ತಿದ್ದಳು, ಹೊಗಳಿಕೆಯಾಗಿ ಅಲ್ಲ. ಅಣ್ಣನಂತೂ ತಂಗಿಯನ್ನು ‘ರೇಡಿಯೋ’ ಎಂದೇ ಕರೆಯುತ್ತಿದ್ದ. ಹಲ್ಲುಜ್ಜುವಾಗಲೂ ಮಾತು ನಿಲ್ಲಿಸದ ಹುಡುಗಿ. ಓದು ತಲೆಗೆ ಹತ್ತಲಿಲ್ಲ. ಹೊಲಿಗೆ ಕಲಿಯಲು ಹೋದಲ್ಲಿ ಸೂಜಿಗಿಂತ ನಾಲಿಗೆಯೇ ಜೋರಾಗಿ ಓಡಿತು. ಪೇಟೆಯ ಹಾಸಿಗೆ ಅಂಗಡಿಯಲ್ಲಿ ಮಾರಾಟಕ್ಕೆ ಜನ ಬೇಕೆಂದು ತಿಳಿದಾಗ ಅಣ್ಣನೇ ಅವಳನ್ನು ಕರೆದೊಯ್ದ. ಮಾಲೀಕರು ಸ್ವಲ್ಪ ಹೊತ್ತು ಅವಳ ಮಾತು ಕೇಳಿ, ಕೈಯೆತ್ತಿ ತಡೆದು, “ಸಾಕಮ್ಮ, ನಾಳೆಯಿಂದ ಬಾ” ಎಂದರು.

ಮೊದಮೊದಲು ಬಂದ ಗಿರಾಕಿಗಳನ್ನೆಲ್ಲ ಹಳಬರೇ ಎಳೆದುಕೊಂಡರು. ಇವಳಿಗೆ ಧೂಳು ಹೊಡೆಯುವ ಕೆಲಸ. ಹಾಗಾಗಿ ಒಂದು ಮಧ್ಯಾಹ್ನ, ಹಳಬರೆಲ್ಲ ಊಟಕ್ಕೆ ಹೋಗಿದ್ದಾಗ ವಯಸ್ಸಾದ ಗಂಡಹೆಂಡತಿ ಒಳಗೆ ಬಂದದ್ದು ಅವಳಿಗೆ ಭಾಗ್ಯದ ಬಾಗಿಲು ತೆರೆದಂತೆ ಕಂಡಿತು. ಹೆಂಡತಿ ನೇರವಾಗಿ ದಿಂಬುಗಳ ಕಡೆ ನಡೆದರು. ಗಂಡ ಸೊಂಟ ಹಿಡಿದುಕೊಂಡು, “ಬೆನ್ನು ಕಣಮ್ಮ, ರಾತ್ರಿಯೆಲ್ಲ ಪ್ರಾಣ ಹಿಂಡತ್ತೆ. ಯಾವುದು ಒಳ್ಳೇದು?” ಎಂದರು.

“ಕೇಳಿದ್ರೆ ಗೊತ್ತಾಗಲ್ಲ ಸರ್, ಮಲಗಿ ನೋಡಿ.”

ಅವರು ಚಪ್ಪಲಿಗಳನ್ನು ಜೋಡಿಸಿಟ್ಟು, ಕನ್ನಡಕ ತೆಗೆದು ಜೇಬಿಗೆ ಹಾಕಿ, ಗೋಡೆ ಪಕ್ಕದ ಹಾಸಿಗೆಯ ಮೇಲೆ ಅಂಗಾತ ಮಲಗಿದರು. ಕೆಳಗಿನ ಪ್ಲಾಸ್ಟಿಕ್ ಹಾಳೆ ಚರಚರ ಎಂದಿತು. ಒಂದು ದೀರ್ಘ ಉಸಿರು ಬಿಟ್ಟು ಕಣ್ಣು ಮುಚ್ಚಿದರು.

“ನಿದ್ದೆ ಬರೋ ಹಾಗಿದೆ,” ಎಂದರು. “ನೀನು ಮಾತಾಡ್ತಾ ಇರು, ಕೇಳ್ತೀನಿ.”

ಇದುವರೆಗೆ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅವಳು ಶುರುಮಾಡಿದಳು. ಮೇಲಿನ ಪದರ ಎಂಥದ್ದು, ಒಳಗಿನ ಸ್ಪ್ರಿಂಗು ಭಾರವನ್ನು ಹೇಗೆ ಹಂಚಿಕೊಳ್ಳುತ್ತದೆ, ಹೊದಿಕೆಯನ್ನು ಹೇಗೆ ಬಿಚ್ಚಿ ಒಗೆಯಬಹುದು, ಎಲ್ಲ ಹೇಳಿದಳು. ಹಾಸಿಗೆಗೆ ಹತ್ತು ವರ್ಷದ ಗ್ಯಾರಂಟಿ ಎಂದಳು. ಗಿರಾಕಿ ಅಡ್ಡ ಬಾಯಿ ಹಾಕದೆ ಕೇಳುತ್ತಿರುವುದು ಕಂಡು ಹುರುಪೇರಿ, ಇನ್ನೊಮ್ಮೆ ಮೊದಲಿಂದ ಹೇಳಿದಳು.

ಹೆಂಡತಿ ಎರಡು ದಿಂಬು ಹಿಡಿದುಕೊಂಡು ಬಂದರು. “ಏಳ್ರೀ. ಕೊಳ್ಳೋಕೆ ಬಂದಿದ್ದೋ, ಮಲಗೋಕೆ ಬಂದಿದ್ದೋ?” ಎಂದು ನಗುತ್ತಲೇ ಭುಜ ಅಲುಗಿಸಿದರು. ತಲೆ ಒಂದು ಕಡೆಗೆ ವಾಲಿತು.

ದಿಂಬುಗಳು ನೆಲಕ್ಕೆ ಬಿದ್ದವು. ಪಕ್ಕದ ಕಟ್ಟಡದಿಂದ ಡಾಕ್ಟರು ಓಡಿಬಂದರು. ನಾಡಿ ಹಿಡಿದು, ರೆಪ್ಪೆ ಬಿಡಿಸಿ ನೋಡಿ, ಮೆಲ್ಲಗೆ, “ಹೋಗಿ ಸ್ವಲ್ಪ ಹೊತ್ತಾಗಿದೆ” ಎಂದರು.

ಸ್ವಲ್ಪ ಹೊತ್ತು. ಹುಡುಗಿ ಗೋಡೆ ಗಡಿಯಾರ ನೋಡಿದಳು. ಹಾಗಾದರೆ ಯಾವ ಮಾತಿನವರೆಗೆ ಅವರು ಕೇಳಿದ್ದರು? ಗ್ಯಾರಂಟಿಯ ವಿಷಯ ಯಾರಿಗೆ ಹೇಳಿದೆ? ಹೆಂಡತಿ ಅಳಲಿಲ್ಲ. ಗಂಡನ ಜೇಬಿನಿಂದ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಒರೆಸಿ, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಮನೆಗೆ ಬಂದವಳು ಗೋಡೆಗೆ ಒರಗಿ ಕೂತಳು. “ಏನೇ, ರೇಡಿಯೋ ಕೆಟ್ಟೋಯ್ತಾ?” ಎಂದ ಅಣ್ಣ, ಅವಳ ಮುಖ ನೋಡಿ ಅಮ್ಮನನ್ನು ಕರೆದ. ವಿಷಯ ತಿಳಿದ ಅಮ್ಮ ಪಕ್ಕದಲ್ಲಿ ಕೂತು, “ನೀನೇನೂ ಕೊಂದಿಲ್ಲ ಕಣೆ” ಎಂದಳು.

“ಕೊಂದಿಲ್ಲಮ್ಮ. ನೋಡಲೂ ಇಲ್ಲ.”

ಕೆಲಸಕ್ಕೆ ಮರಳಿದಳು, ಆದರೆ ನಾಲಿಗೆ ಮರಳಲಿಲ್ಲ. ಗಿರಾಕಿ ಮಲಗಿದರೆ ಅವಳ ಕಣ್ಣು ಅವರ ಎದೆಯ ಮೇಲೆ, ಅದು ಏರಿಳಿಯುತ್ತಿದೆಯೇ ಎಂದು. ಕಣ್ಣು ಮುಚ್ಚಿದರೆ ಜೀವ ಬಾಯಿಗೆ ಬರುತ್ತಿತ್ತು. ಭಯಕ್ಕೇ, “ಹೇಗಿದೆ ಸರ್? ಎಲ್ಲಾದ್ರೂ ಒತ್ತುತ್ತಾ?” ಎಂದು ಕೇಳಿ, ಉತ್ತರ ಬರುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಜನ ಬಾಯಿಬಿಟ್ಟರು. ಮಂಡಿನೋವು, ಮಗುವಿನ ಕೆಮ್ಮು, ಗಂಡನ ಗೊರಕೆ, ನಿದ್ದೆ ಹತ್ತದ ಚಿಂತೆಗಳು. ಕೇಳಿಸಿಕೊಂಡು ಅವರಿಗೆ ತಕ್ಕದ್ದನ್ನು ತೋರಿಸಿದಳು. ಆ ತಿಂಗಳು ಹಳಬರನ್ನೆಲ್ಲ ಹಿಂದೆ ಹಾಕಿದಳು. ಮಾಲೀಕರಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಮಾತಿಗಾಗಿ ಸೇರಿಸಿಕೊಂಡ ಹುಡುಗಿ ಮೌನದಲ್ಲಿ ಮಾರುತ್ತಿದ್ದಳು.

ಅಷ್ಟರಲ್ಲಿ ಒಂದು ದಿನ ಆ ತೀರಿಹೋದವರ ಹೆಂಡತಿ ಒಬ್ಬರೇ ಬಂದರು. “ಅವರು ಮಲಗಿದ್ರಲ್ಲ, ಆ ಹಾಸಿಗೇನೇ ಬೇಕು.”

ಹುಡುಗಿ ಮಾಲೀಕರ ಮುಖ ನೋಡಿದಳು. ಅವರು ತಕ್ಷಣ ಎದ್ದು ಬಂದು, “ಇದೇ ಅಮ್ಮ, ಗೋಡೆ ಪಕ್ಕದ್ದು” ಎಂದು ತೋರಿಸಿದರು. ಆ ತಾಯಿ ಬಾಗಿ ಹೊದಿಕೆಯನ್ನು ಸವರತೊಡಗಿದರು. ತಲೆ ಇದ್ದ ಕಡೆ ಅಂಗೈ ಇಟ್ಟರು. ಹುಡುಗಿಗೆ ತಡೆಯಲಾಗಲಿಲ್ಲ.

“ಅದಲ್ಲಮ್ಮ. ನೀವು ಹೋಗಿ ವಾರದೊಳಗೇ ಅದಕ್ಕೆ ಹೊಸ ಹೊದಿಕೆ ಹಾಕಿ ಮಾರಿಬಿಟ್ವಿ. ಹೊಸದಾಗಿ ಮದುವೆಯಾದವರು ತಗೊಂಡು ಹೋದ್ರು.”

ಮಾಲೀಕರ ಮುಖ ಬಿಳಿಚಿಕೊಂಡಿತು. ಆ ತಾಯಿ ಹಾವು ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ಆಮೇಲೆ ಮಾಲೀಕರನ್ನು ಬಿಟ್ಟು ಹುಡುಗಿಯನ್ನೇ ಕೇಳಿದರು: “ಕೊನೇಗೆ ಏನಾದ್ರೂ ಅಂದ್ರಾ?”

“ನೀನು ಮಾತಾಡ್ತಾ ಇರು, ಕೇಳ್ತೀನಿ ಅಂದ್ರು.”

“ಅವರಾ?” ಆ ಮುಖದಲ್ಲಿ ಸಾವಿನ ದಿನ ಕಾಣದಿದ್ದ ಬೆರಗು ಕಂಡಿತು. “ನಲವತ್ತು ವರ್ಷ ಸಂಸಾರ ಮಾಡಿದೆ. ನಾನು ಬಾಯಿ ತೆಗೆದ್ರೆ, ಸ್ವಲ್ಪ ಸುಮ್ನಿರ್ತೀಯಾ ಅಂತಿದ್ರು.” ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು. ಮೊದಲು ನಗು ಬಂತು, ಹಿಂದೆಯೇ ಅಳು. ಹುಡುಗಿ ಪಕ್ಕದಲ್ಲಿ ಕೂತಳು. ಅವರು ಹಾಸಿಗೆ ಕೊಳ್ಳಲಿಲ್ಲ. ಸಂಜೆಯವರೆಗೆ ಕೂತು ಗಂಡನ ವಿಷಯ ಹೇಳಿದರು.

ಅವರು ಹೋದ ಮೇಲೆ ಮಾಲೀಕರು ಕೂಗಾಡುತ್ತಾರೆಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು. ಅವರು ಕೂಗಾಡಲಿಲ್ಲ. “ಆ ಮದುವೆಯಾದವರ ಮನೆಗೆ ನೀನೇ ಹೋಗಿ ಬೇರೆ ಹಾಸಿಗೆ ಕೊಟ್ಟು ಬಾ. ಏನು ಹೇಳ್ತೀಯೋ ಹೇಳು. ನನ್ನ ಕೈಲಾಗಲ್ಲ” ಎಂದರು. ಅವಳು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಾಗಿಲ ಚೌಕಟ್ಟು ಹಿಡಿದು ನಿಂತ ಆ ಹೊಸ ಹೆಂಡತಿಗೆ ಮನೆಯೊಳಗೆ ಮತ್ತೆ ಕಾಲಿಡಲು ಬಹಳ ಹೊತ್ತು ಹಿಡಿಯಿತು.

ಈಗ ಅಂಗಡಿಯ ಎರಡು ಅಂತಸ್ತುಗಳೂ ಅವಳ ಉಸ್ತುವಾರಿಯಲ್ಲಿವೆ. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದೂ ಅವಳೇ. ಒಳ್ಳೆಯ ಸಂಬಳ, ಅಮ್ಮನಿಗೆ ನೆಮ್ಮದಿ. ಆದರೂ ತುಂಬಿದ ಅಂಗಡಿಯಲ್ಲಿ ಯಾರಾದರೂ ಮಲಗಿ ಅಲುಗಾಡದೆ ಇದ್ದರೆ, ಆ ತುದಿಯಿಂದ ಅವಳು ಓಡಿಬರುತ್ತಾಳೆ. ಗಿರಾಕಿ ಗಾಬರಿಯಿಂದ ಎದ್ದು ಕೂರುತ್ತಾರೆ. ಅವಳು ಕ್ಷಮೆ ಕೇಳುತ್ತಾಳೆ. ಕಾರಣ ಹೇಳುವುದಿಲ್ಲ.