ಕಚ್ಚಾ ಸೀಟು

ತುಳಸಿರಾಮ ಕಾಕಾ ಮನುಷ್ಯರನ್ನು ಮುಖ ನೋಡಿ ಗುರುತಿಸುತ್ತಿರಲಿಲ್ಲ, ಅವರು ಕೂತ ಸೀಟು ನೋಡಿ ಗುರುತಿಸುತ್ತಿದ್ದರು. ಹತ್ತು ಸಲ ಬಂದ ಗಿರಾಕಿ ಎದುರಿಗೇ ನಿಂತು ‘ನಮಸ್ಕಾರ್ರಿ ಕಾಕಾ’ ಎಂದರೂ ತಲೆ ಎತ್ತದೆ ‘ಯಾರ್ರಿ?’ ಎನ್ನುವವರು. ಅದೇ ಆ ಗಿರಾಕಿ ತನ್ನ ಗಾಡಿಯ ಸೀಟು ಬಿಚ್ಚಿ ಮುಂದಿಟ್ಟರೆ ಸಾಕು, ಅದರ ಮೇಲೆ ಒಮ್ಮೆ ಕೈಯಾಡಿಸಿ, ‘ಓಹೋ, ನಿರ್ಣಾದ ಹಾಲಿನ ಗೌಡ್ರು! ಕ್ಯಾನ್ ಇನ್ನೂ ಎಡಗಡಿನೇ ಕಟ್ಟಾಕತ್ತೀರೇನ್ರಿ? ಬ್ಯಾಡಂತ ಹೇಳಿದ್ನಲ್ರಿ’ ಎಂದು ಶುರು ಹಚ್ಚಿಕೊಳ್ಳುತ್ತಿದ್ದರು.

ಹುಮನಾಬಾದಿನಲ್ಲಿ ಹೈವೇ ಬದಿಗೆ ಅವರದೊಂದು ತಗಡಿನ ಅಂಗಡಿ. ಬೋರ್ಡಿಲ್ಲ. ಬಾಗಿಲಿಗೆ ಹರಕು ಟ್ರ್ಯಾಕ್ಟರ್ ಸೀಟೊಂದನ್ನು ತೂಗುಹಾಕಿದ್ದರು, ಅದೇ ಬೋರ್ಡು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಬಿಳಿ ಕೂದಲು, ಅಂಗಿಯ ಕಾಲರಿಗೆ ಚುಚ್ಚಿದ ದಬ್ಬಣ, ಅದರಿಂದ ಎದೆಯ ಮೇಲೆ ಜೋತುಬಿದ್ದ ಕರಿ ದಾರ. ದಿನಾ ಬೇಮಳಖೇಡದಿಂದ ಬಸ್ಸಿಗೆ ಬಂದು ಬಸ್ಸಿಗೇ ಹೋಗುವರು. ಮೂವತ್ತು ವರ್ಷ ಊರ ಗಾಡಿಗಳಿಗೆಲ್ಲ ಸೀಟು ಹೊಲಿದ ಮನುಷ್ಯ, ತಾನು ಮಾತ್ರ ಗಾಡಿ ಮುಟ್ಟಿದವರಲ್ಲ. ಯಾಕೆ ಕಾಕಾ ಎಂದು ಕೇಳಿದರೆ, ‘ಬಸ್ಸಿನ್ಯಾಗ ನಿಂತ್ಕೊಂಡ ಬರ್ತೀನ್ರಿ, ಆರಾಮ ಅದೀನಿ. ಕುಂಡ್ರೋರ ತಕಲೀಫ್ ನೋಡಿ ನೋಡಿ ನನಗ ಕುಂಡ್ರೋದ ಸಾಕಾಗೇದ’ ಎನ್ನುತ್ತಿದ್ದರು.

ಅವರ ಕೆಲಸದ ಪದ್ಧತಿಯೇ ಬೇರೆ. ಹೋದ ಕೂಡಲೇ ಸೀಟು ಮಾಡಿ ಕೊಡುವವರಲ್ಲ. ಮೊದಲು ಮೆತ್ತನೆಯ ಅಗ್ಗದ ಸ್ಪಂಜು ತುಂಬಿ ಒಂದು ಕಚ್ಚಾ ಸೀಟು ಮಾಡಿ ಕೂಡಿಸುವರು. ‘ಹದಿನೈದ ದಿನ ಓಡಸ್ರಿ. ಆಮ್ಯಾಲ ಬರ್ರಿ, ಬಿಚ್ಚಿ ನೋಡ್ತೀನಿ.’ ಹದಿನೈದು ದಿನಕ್ಕೆ ಆ ಸ್ಪಂಜು ಕೂತವರ ಭಾರಕ್ಕೆ ಎಲ್ಲೆಲ್ಲಿ ಕುಗ್ಗಬೇಕೋ ಅಲ್ಲಲ್ಲಿ ಕುಗ್ಗಿರುತ್ತಿತ್ತು. ಹೊದಿಕೆ ಸೀಳಿ, ಕಣ್ಣು ಮುಚ್ಚಿ, ಅಂಗೈ ಒತ್ತಿ ಒತ್ತಿ ನೋಡುವರು. ಆಮೇಲೆ ಗಟ್ಟಿ ಸ್ಪಂಜು ಕತ್ತರಿಸಿ ಪಕ್ಕಾ ಸೀಟು.

ಒಮ್ಮೆ ಘಾಟಬೋರಾಳದವರೊಬ್ಬರು, ‘ನನ್ನ ಗಾಡಿ ಯಾರಿಗೂ ಮುಟ್ಟಾಕ ಕೊಡಂಗಿಲ್ಲ’ ಎಂದು ಮೀಸೆ ತಿರುವುತ್ತ ನಿಂತಿದ್ದರು. ಕಾಕಾ ಸ್ಪಂಜು ಒತ್ತಿ ನೋಡಿ, ‘ನೀವು ಕೊಡಂಗಿಲ್ಲ, ಖರೆರಿ. ಆದ್ರ ನಿಮಗಿಂತ ದಪ್ಪ ಮನುಷ್ಯಾ ಒಬ್ಬಾಂವ ದಿನಾ ಓಡಸಾಕತ್ತಾನ. ಬ್ರೇಕ್ ಭಾಳ ಜೋರ ಹೊಡೀತಾನ’ ಎಂದರು. ಮರುವಾರ ಆ ಮನುಷ್ಯರ ಹೆಂಡತಿಯ ತಮ್ಮ ಕಣ್ಣು ಕೆಂಪು ಮಾಡಿಕೊಂಡು ಜಗಳಕ್ಕೆ ಬಂದ. ಕಾಕಾ ಅವನ ಮುಖವನ್ನೂ ನೋಡಲಿಲ್ಲ. ‘ಬರ್ರಿ, ಇಲ್ಲಿ ಜರಾ ಕುಂಡ್ರ್ರಿ’ ಎಂದು ಒಂದು ಸ್ಪಂಜಿನ ತುಂಡಿನ ಮೇಲೆ ಕೂರಿಸಿ, ಎಬ್ಬಿಸಿ, ಕೈಯಾಡಿಸಿ, ‘ಹಾಂ, ಇವರೇ’ ಎಂದರು. ಬಾಜೂಕಿನ ಪಾನ್ ಅಂಗಡಿಯ ಮುಂದೆ ನಿಂತವರು ಬಿದ್ದು ಬಿದ್ದು ನಕ್ಕರಂತೆ. ಈ ಕಥೆ ಕೇಳಿ ನಾನೂ ನಕ್ಕಿದ್ದೆ. ಆಗ ನಗುವುದಕ್ಕೇನು, ನನ್ನ ಸೀಟು ಇನ್ನೂ ಅವರ ಕೈಗೆ ಹೋಗಿರಲಿಲ್ಲ.

ನಾನು ಬಸವಕಲ್ಯಾಣದವನು, ಹುಮನಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ಸುವರ್ಣಾ ಅದೇ ಹುಮನಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವರ್ಷಾನುಗಟ್ಟಲೆ ಇಬ್ಬರೂ ಬಸ್ಸಿಗೇ ಓಡಾಡಿದೆವು. ನಲವತ್ತೈದು ದಾಟಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಹಳೇ ನಮೂನೆಯ ಗಾಡಿ ಬೇಕು, ದುಂಡನೆಯ ದೀಪ, ಹೊಟ್ಟೆ ತುಂಬಿದ ಟ್ಯಾಂಕು, ಓಣಿಗೆಲ್ಲ ಕೇಳುವ ಧಡ್ ಧಡ್ ಸದ್ದು. ತಂದೆ. ಸುವರ್ಣಾ ಅದರ ಸುತ್ತ ಒಂದು ಸುತ್ತು ಹಾಕಿ, ‘ನೋಡಾಕ ಚಂದ ಅದ. ಕುಂಡ್ರಾಕ ಹ್ಯಾಂಗೋ ಏನೋ’ ಎಂದಳು.

ನನ್ನ ಸೀಟು ಅಗಲವಾಗಿ ರಾಜಠೀವಿಯಲ್ಲಿತ್ತು. ಹಿಂದಿನದು ಒಂದು ಸಣ್ಣ ಮಣೆ. ಆ ಮಣೆಯ ಮೇಲೆ ಸೀರೆಯುಟ್ಟು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ತೊಡೆಯ ಮೇಲೆ ಮಕ್ಕಳ ನೋಟ್ ಬುಕ್ಕಿನ ಚೀಲ ಇಟ್ಟುಕೊಂಡು ಅವಳು ಹೋಗುತ್ತ ಬರುತ್ತ ದಿನಕ್ಕೆ ಅರವತ್ತು ಕಿಲೋಮೀಟರ್ ಕೂರುತ್ತಿದ್ದಳು. ಕೆಲವು ತಿಂಗಳಾದ ಮೇಲೆ, ‘ನಡಾ ಹಿಡ್ಕೋತದ್ರಿ, ನಾ ಬಸ್ಸಿಗಿ ಬರ್ತೀನಿ’ ಎಂದಳು. ನನ್ನ ಗಾಡಿಗೆ ಬೈದಷ್ಟೇ ಸಿಟ್ಟು ಬಂತು ನನಗೆ. ‘ಗಾಡೀದೇನ ತಪ್ಪ ಅದ? ಸೀಟ್ ಬದಲಿ ಮಾಡಿದ್ರ ಆಯ್ತು’ ಎಂದೆ. ಮೊಬೈಲಿನಲ್ಲಿ ನೋಡಿ ಒಂದು ಸೀಟು ತರಿಸಿದೆ, ಎರಡು ತರಿಸಿದೆ. ಇಳಿಯುವಾಗ ಅವಳು ನನ್ನ ಹೆಗಲು ಹಿಡಿದು ಒಂದು ಗಳಿಗೆ ನಿಲ್ಲುವುದು ನಿಲ್ಲಲಿಲ್ಲ. ಮೂರನೆಯದಕ್ಕೆ ಕಾಕಾನ ಹತ್ತಿರ ಹೋದೆ. ಆಗ ದೀಪಾವಳಿ ಮುಗಿದಿತ್ತು.

‘ಯಾರಿಗ್ರಿ ಸೀಟು?’

‘ನಮ್ಮ ಮನೆಯವ್ರಿಗಿ. ಹಿಂದ ಕುಂಡ್ರತಾರ.’

‘ಮತ್ತ ಅವ್ರೆಲ್ಲಿ?’

ಪಾನ್ ಅಂಗಡಿಯ ಮುಂದೆ ಏಳೆಂಟು ಜನ ನಿಂತಿದ್ದರು. ಅವರೆಲ್ಲರ ಮುಂದೆ ನನ್ನ ಹೆಂಡತಿ ಸ್ಪಂಜಿನ ಮೇಲೆ ಕೂತು ಏಳಬೇಕೆ? ನನಗೆ ಆಗದ ಮಾತು. ‘ನನ್ನ ಅಳತಿ ಮ್ಯಾಲೇ ಮಾಡ್ರಿ, ಹೆಚ್ಚೂ ಕಡಿಮಿ ಒಂದೇ’ ಎಂದೆ.

‘ಗಂಡನ ಅಂಗಿ ಅಳತಿ ಕೊಟ್ಟು ಹೆಂಡ್ತಿಗಿ ಜಂಪರ್ ಹೊಲಸ್ತೀರೇನ್ರಿ ಸಾಹೇಬ್ರ?’ ಎಂದರು ಕಾಕಾ. ಆಮೇಲೆ ಹಿಂದಿನ ಸೀಟನ್ನು ತಿರುವಿ ನೋಡುತ್ತ ತಮ್ಮಷ್ಟಕ್ಕೇ, ‘ಈ ಕಂಪನಿಯವ್ರು ಸೀರಿ ಉಟ್ಟೋರನ್ನ ಕಣ್ಣಿಲೆ ನೋಡೇ ಇಲ್ಲ. ಒಂದ ಕಡಿ ಕಾಲ ಬಿಟ್ಟು ಕುಂಡ್ರಾಕ ಇದು ಸೀಟೇ ಅಲ್ಲ’ ಎಂದು ಗೊಣಗಿದರು. ಕಚ್ಚಾ ಸೀಟು ಮಾಡಿ ಕೂಡಿಸಿದರು. ಹದಿನೈದು ದಿನ ಎಂದು ಎರಡು ಸಲ ಹೇಳಿದರು.

ಹೊಸ ಸ್ಪಂಜು ಬೆಣ್ಣೆಯಷ್ಟು ಮೆತ್ತಗಿತ್ತು. ‘ಹ್ಯಾಂಗದ?’ ಎಂದು ದಿನಾ ಕೇಳುತ್ತಿದ್ದೆ. ‘ಆರಾಮ ಅದರಿ’ ಎನ್ನುತ್ತಿದ್ದಳು. ಎಷ್ಟು ಖುಷಿ ನನಗೆ! ಗಾಡಿ ಗೆದ್ದಿತ್ತು, ನಾನು ಗೆದ್ದಿದ್ದೆ. ಆರಾಮ ಇದೆಯೆಂದ ಮೇಲೆ ಬಿಚ್ಚಿ ನೋಡುವುದೇನು ಎಂದು ಹದಿನೈದು ದಿನಕ್ಕೆ ಹೋಗಲಿಲ್ಲ. ಒಂದು ತಿಂಗಳಿಗೂ ಹೋಗಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಹೋಳಿ ಹುಣ್ಣಿಮೆಯ ಹೊತ್ತಿಗೆ ಹೊದಿಕೆ ಹರಿದಾಗಲೇ ನಾನು ಆ ಅಂಗಡಿಗೆ ಮತ್ತೆ ಹೋದದ್ದು.

ಕಾಕಾ ಬೈಯಲಿಲ್ಲ. ಹೊದಿಕೆ ಸೀಳಿ, ಕಣ್ಣು ಮುಚ್ಚಿ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಸ್ಪಂಜಿನ ಮೇಲೆ ಇಡಿಸಿದರು. ಹಿಂದಿನ ಅರ್ಧ ಹಪ್ಪಳದಷ್ಟು ತೆಳ್ಳಗಾಗಿತ್ತು. ನನ್ನ ಬೆನ್ನಿನ ಕಡೆಯ, ಅವಳ ಬಲಮಗ್ಗುಲು ಊರಬೇಕಾದ ಅರ್ಧ ಹೊಸದಿದ್ದಂತೆ ಉಬ್ಬಿತ್ತು.

‘ಅಕ್ಕೋರು ಒಂದ ಕಡಿ ಮ್ಯಾಲೇ ಭಾರ ಹಾಕಿ ಕುಂತಾರ್ರಿ, ನಾಕ ತಿಂಗಳ. ಬಲಗಡಿ ಊರಾಕ ಆಗವಲ್ದು ಅವ್ರಿಗಿ. ಇದು ಸೀಟಿನ ತ್ರಾಸಲ್ರಿ ಸಾಹೇಬ್ರ, ಒಳಗಿನ ತ್ರಾಸ. ಮೊದಲ ದವಾಖಾನಿಗಿ ತೋರಸ್ರಿ.’

‘ಅದನ್ನ ನಾ ನೋಡ್ಕೋತೀನಿ. ನೀವು ಪಕ್ಕಾ ಸೀಟ್ ಮಾಡ್ರಿ.’

‘ಮಾಡಂಗಿಲ್ರಿ.’

‘ಯಾಕ ಮಾಡಂಗಿಲ್ಲ?’

‘ನಾ ಛಲೋ ಸೀಟ್ ಮಾಡಿದ್ರ ಅಕ್ಕೋರು ಇನ್ನಾ ಆರ ತಿಂಗಳ ತಡ್ಕೋತಾರ್ರಿ.’

ಪಾನ್ ಅಂಗಡಿಯವರು ಈ ಕಡೆ ತಿರುಗಿ ನೋಡುತ್ತಿದ್ದರು. ನನಗೆ ತಲೆ ಕೆಟ್ಟಿತು. ಸೀಟು ಹೊಲಿಯುವವನು ಡಾಕ್ಟರಿಕೆ ಮಾಡಬೇಡ ಎಂದು ಏಕವಚನದಲ್ಲಿ ಒದರಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ದಬ್ಬಣವನ್ನು ಕಾಲರಿಗೆ ಚುಚ್ಚಿಕೊಂಡರು. ನಾನು ಸೀಟು ಎತ್ತಿಕೊಂಡು ಹೋಗಿ ಬೇರೆ ಅಂಗಡಿಯಲ್ಲಿ ಸ್ಪ್ರಿಂಗಿನ ಸೀಟು ಹಾಕಿಸಿದೆ. ಬಲು ಛಲೋ ಸೀಟು. ಸುವರ್ಣಾ ‘ಆರಾಮ ಅದರಿ’ ಎಂದಳು. ಕಾಕಾನ ಮಾತು ಅವಳಿಗೆ ಹೇಳಲಿಲ್ಲ. ಬೇಸಿಗೆ ರಜೆಯಲ್ಲಿ ಅವಳು ಹಗಲೆಲ್ಲ ಮಲಗಿದರೆ, ಪಾಪ, ವರ್ಷವೆಲ್ಲ ದುಡಿದು ದಣಿದಿದ್ದಾಳೆ ಅಂದುಕೊಂಡೆ.

ಶಾಲೆ ಶುರುವಾದ ಎರಡನೆಯ ದಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ‘ಇಳಿಯಂಗಿಲ್ಲೇನು?’ ಎಂದೆ. ‘ಕಾಲ ಬರವಲ್ದ್ರಿ’ ಎಂದಳು, ಬಹಳ ಸಣ್ಣ ದನಿಯಲ್ಲಿ, ತಪ್ಪು ಮಾಡಿದವರ ಹಾಗೆ. ಇಬ್ಬರು ಶಿಕ್ಷಕಿಯರು ಬಂದು ಎತ್ತಿ ಇಳಿಸಿದರು.

ಬೀದರಿಗೆ ಹೋದೆವು, ಅಲ್ಲಿಂದ ಸೊಲ್ಲಾಪುರಕ್ಕೆ. ಬೆನ್ನಿನ ಕೆಳಗಿನ ಎಲುಬಿನಲ್ಲಿ ಗಂಟು, ಅದು ಬೇರೆ ಕಡೆಗೂ ಹಬ್ಬಿತ್ತು. ನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ‘ಕಂಪನಿ ಸೀಟು ಇದ್ದಾಗಿನಿಂದ’ ಎಂದುಬಿಟ್ಟೆ. ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಂಗಳುಗಳ ಹೆಸರೇ ನೆನಪಾಗುತ್ತಿರಲಿಲ್ಲ, ಬರೀ ಸೀಟುಗಳು ನೆನಪಾಗುತ್ತಿದ್ದವು. ‘ಮೂರು ತಿಂಗಳ ಹಿಂದೆ, ಹೋಳಿ ಹೊತ್ತಿಗೆ ಬಂದಿದ್ದರೂ…’ ಎಂದು ಶುರು ಮಾಡಿ ಅವರು ಅವಳ ಮುಖ ನೋಡಿ ಮಾತು ನಿಲ್ಲಿಸಿದರು. ಸುವರ್ಣಾ ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಮಾಡಬೇಕಾದವನು ನಾನು, ಮಾಡುತ್ತಿದ್ದವಳು ಅವಳು.

ಶ್ರಾವಣದಲ್ಲಿ ಡಾಕ್ಟರು, ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಮಲಗಿಸಿ ಉಣ್ಣಿಸುವುದು ಅವಳಿಗೆ ಸೇರುತ್ತಿರಲಿಲ್ಲ. ‘ಒಂದ ತುತ್ತರೇ ಕುಂತ ಉಣಬೇಕ್ರಿ’ ಎನ್ನುತ್ತಿದ್ದಳು. ಯಾವ ದಿಂಬು ಇಟ್ಟರೂ ಕುರ್ಚಿಯಲ್ಲಿ ಎರಡು ನಿಮಿಷ ಕೂರಲು ಆಗುತ್ತಿರಲಿಲ್ಲ. ಮಾನ ಬಿಟ್ಟು ಹುಮನಾಬಾದಿಗೆ ಹೋಗಿ ಕಾಕಾನ ಮುಂದೆ ನಿಂತೆ.

‘ಯಾರ್ರಿ?’ ಎಂದರು, ತಲೆ ಎತ್ತದೆ.

ತೋರಿಸಲು ಕೈಯಲ್ಲಿ ಸೀಟಿರಲಿಲ್ಲ. ‘ಬಸವಕಲ್ಯಾಣದಾಂವ ಕಾಕಾ. ಹೋಳ್ಯಾಗ ನಿಮಗ ಒದರಿ ಹೋದಾಂವ.’

ಹೊಲಿಯುವ ಕೈ ನಿಂತಿತು. ‘ಅಕ್ಕೋರು ಹ್ಯಾಂಗ ಅದಾರ್ರಿ?’ ಎಂದರು. ಎಲ್ಲ ಹೇಳಿದೆ. ನಾನು ಆಡಿದ ಮಾತಿನ ಬಗ್ಗೆ ಅವರು ಚಕಾರ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಮರುದಿನ ಎರಡು ಬಸ್ಸು ಬದಲಿಸಿ, ಸ್ಪಂಜಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಅರ್ಧ ದಿನ ನಮ್ಮ ಅಂಗಳದಲ್ಲಿ ಕೂತು ಅವಳ ಕುರ್ಚಿಯ ಸೀಟಿಗೆ ಸ್ಪಂಜು ಕತ್ತರಿಸಿದರು. ‘ಎಲ್ಲಿ ಚುಚ್ಚತದವ್ವಾ? ಇಲ್ಲಿ? ಈಗ?’ ಎಂದು ಕೇಳುವುದು, ತೆಗೆಯುವುದು, ಮತ್ತೆ ಕೊರೆಯುವುದು. ಅಷ್ಟು ನೋವಿನಲ್ಲೂ ಅವಳು ನಕ್ಕಳು: ‘ಕಡೀಕಾದ್ರೂ ನನ್ನ ಅಳತಿ ತಗೊಂಡ್ರಿ ಕಾಕಾ.’

‘ನಿನ್ನ ಗಂಡ ಅಂಗಡಿಗಿ ಕರ್ಕೊಂಡ ಬರ್ಲಿಲ್ಲವ್ವಾ. ನಾನೇ ಬಂದೆ.’

ಹೋಗುವಾಗ ನನ್ನನ್ನು ಬಾಗಿಲಿಗೆ ಕರೆದು, ‘ಇದು ಕಚ್ಚಾ ಸ್ಪಂಜು ಅದರಿ. ಹದಿನೈದ ದಿನ ಬಿಟ್ಟು ಬರ್ತೀನಿ, ಬಿಚ್ಚಿ ನೋಡಿ ಪಕ್ಕಾ ಮಾಡ್ತೀನಿ’ ಎಂದರು. ಈ ಸಲ ನಾನು ದಿನ ಎಣಿಸಿದೆ. ದಿನಾ ಎರಡು ಹೊತ್ತು ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಅವಳು ಕುರ್ಚಿಯ ಎರಡೂ ಕೈಗಳ ಮೇಲೆ ಗಟ್ಟಿಯಾಗಿ ಅಂಗೈ ಊರಿಕೊಂಡು ಕೂರುತ್ತಿದ್ದಳು, ತುತ್ತು ನಾನು ಹಾಕುತ್ತಿದ್ದೆ. ‘ಹ್ಯಾಂಗದ?’ ಎನ್ನುತ್ತಿದ್ದೆ. ‘ಆರಾಮ ಅದರಿ’ ಎನ್ನುತ್ತಿದ್ದಳು. ಹದಿಮೂರನೆಯ ದಿನ ಮುಂಜಾನೆ ಹೋದಳು.

ಅವಳ ತಿಥಿ ಮುಗಿದ ಮೇಲೆ ಆ ಸೀಟನ್ನು ಚೀಲದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಹೋದೆ, ಬಸ್ಸಿನಲ್ಲಿ. ಕಾಕಾನನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಸೀಟು ಮುಂದಿಟ್ಟೆ. ಕೈಯಾಡಿಸಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು, ಯಾರ್ರಿ ಎಂದು ಕೇಳಲಿಲ್ಲ.

‘ಬಿಚ್ಚಿ ನೋಡ್ರಿ ಕಾಕಾ.’

‘ಈಗ ಯಾಕ್ರಿ? ಬ್ಯಾಡ್ರಿ.’

‘ನನಗ ಗೊತ್ತಾಗಬೇಕು. ಕಡೀ ಹದಿಮೂರ ದಿನಾನಾದ್ರೂ ಆಕಿ ಆರಾಮ ಕುಂತಾಳೋ ಇಲ್ಲೋ.’

ಅವರು ಹೊದಿಕೆ ಸೀಳಿದರು. ಕಣ್ಣು ಮುಚ್ಚಿ ಅಂಗೈ ಒತ್ತಿದರು, ಸರಿಸಿದರು, ಮತ್ತೆ ಒತ್ತಿದರು. ಆಮೇಲೆ ಕಣ್ಣು ತೆರೆದು, ತಲೆ ಎತ್ತಿ, ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

‘ಎರಡೂ ಕಡಿ ಭಾರ ಬಿಟ್ಟು ಆರಾಮ ಕುಂತಾರ್ರಿ ಅಕ್ಕೋರು’ ಎಂದರು.

ಅವರು ಮುಖ ನೋಡಿ ಮಾತಾಡಿದ್ದಕ್ಕೇ ನನಗೆ ಸಂಶಯ ಬಂತು. ಕೈ ಚಾಚಿದೆ. ಅವರು ಸೀಟನ್ನು ತಮ್ಮ ಕಡೆ ಎಳೆದುಕೊಳ್ಳಲು ನೋಡಿದರು, ಅಷ್ಟರೊಳಗೆ ನಾನು ಸ್ಪಂಜಿನ ಮೇಲೆ ಅಂಗೈ ಒತ್ತಿದ್ದೆ. ಈ ಕಡೆ ಒತ್ತಿದೆ, ಆ ಕಡೆ ಒತ್ತಿದೆ. ಎಲ್ಲಿಯೂ ಯಾರೂ ಕೂತ ಗುರುತಿರಲಿಲ್ಲ.